ವ್ಯೂಸ್ ಹತ್ತು ಲಕ್ಷ, ಕೈಗೆ ಬಂದದ್ದೆಷ್ಟು? ಮಲೆನಾಡಿನ ರೀಲ್ಸ್ ಹಾಸ್ಯಗಾರರ ಬದುಕಿನ ಲೆಕ್ಕ

"ಎಂತ ಮಾರಾಯ, ಹತ್ತು ಲಕ್ಷ ವ್ಯೂಸ್ ಅಂತೆ! ದುಡ್ಡಿಗೆಂತ ಬರ ನಿಂಗೆ?" ರೀಲ್ಸ್‌ನಲ್ಲಿ ಹೆಸರು ಮಾಡಿದ ಹುಡುಗ ಸಾಗರದ ಪೇಟೆಯಲ್ಲೋ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲೋ ಎದುರು ಸಿಕ್ಕರೆ ಜನ ಕೇಳುವ ಮೊದಲ ಮಾತು ಇದು. ಅದೇ ಹುಡುಗ ಹಗಲು ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ, ಕೊಯ್ಲಿನ ಕಾಲದಲ್ಲಿ ಮನೆಯ ತೋಟದಲ್ಲಿ ಅಡಿಕೆ ಹೊರುತ್ತಾನೆ. ನೋಡುವವರಿಗೆ ಈ ಎರಡು ಚಿತ್ರ ಹೊಂದುವುದಿಲ್ಲ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೆ ಗೊಂದಲ ಇನ್ನೊಂದು ಸುತ್ತು ಹೆಚ್ಚಿತು. ರಮ್ಮಿ ಆ್ಯಪ್ ಮುಚ್ಚಿದರೆ ಕಾಮಿಡಿ ಮಾಡುವವನಿಗೇನು ನಷ್ಟ? ಇದಕ್ಕೆ ಉತ್ತರ ಬೇಕೆಂದರೆ ಹಾಸ್ಯ ವಿಡಿಯೊಗೆ ಹಣ ಯಾವ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ನೋಡಬೇಕು. ವ್ಯೂಸ್‌ನಿಂದ ಬರುವುದು ಹೆಸರು. ಮನೆ ನಡೆಸುವ ಹಣ ಬರುತ್ತಿದ್ದುದು ಬೇರೆ ಕಡೆಯಿಂದ. ಆ ಬೇರೆ ಕಡೆಯೇ ಈಗ ಕುಸಿದಿರುವುದು.

ಟಿಕ್‌ಟಾಕ್ ಹೋದ ಜಾಗಕ್ಕೆ ಬಂದವರು

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಭಾರತ ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪರೀಕ್ಷಾರ್ಥ ಶುರುವಾಯಿತು. ಲಾಕ್‌ಡೌನಿನಿಂದ ಬೆಂಗಳೂರು ಬಿಟ್ಟು ಊರಿಗೆ ಬಂದ ಹುಡುಗರು, ಕೈಯಲ್ಲೊಂದು ಒಳ್ಳೆಯ ಮೊಬೈಲು, ಸುತ್ತ ಮನೆ-ಅಂಗಳ-ತೋಟ. ಹಳ್ಳಿ ಹಾಸ್ಯಕ್ಕೆ ಇದಕ್ಕಿಂತ ಅನುಕೂಲದ ಗಳಿಗೆ ಬೇರೆ ಇರಲಿಲ್ಲ.

ಮಲೆನಾಡಿಗೆ ಹಾಸ್ಯ ಹೊಸದಲ್ಲ. ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನದಲ್ಲಿ ಹಾಸ್ಯಗಾರನಿಗೆ ತನ್ನದೇ ಸ್ಥಾನವಿದೆ. ರಾಜನ ಎದುರು ನಿಂತು ಊರಿನ ಮಾತು ಆಡುವ ಸಲಿಗೆ ಅವನೊಬ್ಬನಿಗೇ. ಹೆಗ್ಗೋಡಿನ ನೀನಾಸಂ 1949ರಿಂದ ಈ ಸೀಮೆಯಲ್ಲಿ ನಾಟಕ ನೋಡುವವರನ್ನೂ ಆಡುವವರನ್ನೂ ಬೆಳೆಸಿದೆ. ಹಾಗಾಗಿ ಅಜ್ಜಿ, ಮಾಣಿ, ಕೊನೆಗೌಡ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು), ಸೊಸೈಟಿ ಕಾರ್ಯದರ್ಶಿ, ಮದುವೆಗೆ ಹೆಣ್ಣು ಸಿಗದ ತೋಟದ ಯಜಮಾನ ಮುಂತಾದ ಪಾತ್ರಗಳನ್ನು ಯಾರೂ ಕಲಿಸಬೇಕಾಗಲಿಲ್ಲ. ಕಲೆ ಸಿದ್ಧವಿತ್ತು. ಮೂವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುವ ಈ ಹೊಸ ಅಂಗಡಿಯಲ್ಲಿ ಕಲೆಗೆ ಬೆಲೆ ಕಟ್ಟುವ ರೀತಿ ಮಾತ್ರ ಹೊಸದು.

ಒಂದು ವ್ಯೂಗೆ ಬೆಲೆ ಎಷ್ಟು

ಯೂಟ್ಯೂಬಿನಿಂದ ಜಾಹೀರಾತು ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ ಹಿಂದಿನ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್. ಶಾರ್ಟ್ಸ್ ಫೀಡಿನಲ್ಲಿ ಜನ ನೋಡಿದ ಹೊತ್ತು ಆ 4,000 ಗಂಟೆಗೆ ಸೇರುವುದಿಲ್ಲ. ಬರೀ ಸಣ್ಣ ವಿಡಿಯೊ ಮಾಡುವವನು ಮೂರು ತಿಂಗಳು ದಿನಕ್ಕೆ ಸುಮಾರು 1,11,000 ವ್ಯೂಸ್ ತರಬೇಕು. ಉದ್ದ ವಿಡಿಯೊ ಮಾಡುವವನಿಗೆ 4,000 ಗಂಟೆಯೆಂದರೆ 2,40,000 ನಿಮಿಷ. ಒಬ್ಬ ವೀಕ್ಷಕ ಸರಾಸರಿ ಮೂರು ನಿಮಿಷ ನಿಂತರೆ ಇಡೀ ವರ್ಷಕ್ಕೆ 80,000 ವ್ಯೂಸ್ ಸಾಕು. ಶಾರ್ಟ್ಸ್‌ನವನು ಒಂದು ದಿನಕ್ಕೆ ತರಬೇಕಾದ್ದಕ್ಕಿಂತಲೂ ಕಡಿಮೆ. ಒಂದೇ ಬಾಗಿಲು, ಎರಡು ದಾರಿ, ನಡುವೆ ಇಷ್ಟು ಅಂತರ.

ಬಾಗಿಲು ದಾಟಿದ ಮೇಲೂ ಲೆಕ್ಕ ಬೇರೆ ಬೇರೆ. ಉದ್ದ ವಿಡಿಯೊದ ಮೇಲೆ ಓಡಿದ ಜಾಹೀರಾತಿನ ಆದಾಯದಲ್ಲಿ ಶೇ 55 ಮಾಡಿದವನಿಗೆ. ಶಾರ್ಟ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಒಂದು ವಿಡಿಯೊದಿಂದ ಇನ್ನೊಂದಕ್ಕೆ ಬೆರಳು ಸರಿಸುವ ನಡುವೆ ಜಾಹೀರಾತು ಬರುತ್ತದೆ, ಅದು ಯಾರ ವಿಡಿಯೊದ್ದೆಂದು ಹೇಳಲಾಗದು. ಆದ್ದರಿಂದ ತಿಂಗಳ ಹಣವನ್ನೆಲ್ಲ ಒಟ್ಟು ಮಾಡಿ, ಸಂಗೀತದ ಹಕ್ಕಿನವರ ಪಾಲು ತೆಗೆದು, ಉಳಿದದ್ದನ್ನು ದೇಶವಾರು ವ್ಯೂಸ್ ಪ್ರಮಾಣದಲ್ಲಿ ಹಂಚುತ್ತಾರೆ. ನಿಮ್ಮ ಹೆಸರಿಗೆ ಬಂದ ಪಾಲಿನಲ್ಲಿ ಶೇ 45 ಮಾತ್ರ ಕೈಗೆ. 2023ರ ಫೆಬ್ರುವರಿ 1ರಿಂದ ಇದೇ ಪದ್ಧತಿ. ಹಾಡು ಹಾಕದಿದ್ದರೆ ತನ್ನ ಪಾಲು ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಹಾಡಿನ ಕಡಿತ ಆಗುವುದು ಒಟ್ಟು ರಾಶಿಯಲ್ಲಿ, ನಿಮ್ಮ ಶೇ 45 ಅಷ್ಟಕ್ಕೇ ಇರುತ್ತದೆ.

ಇದರ ಜೊತೆಗೆ 2025ರ ಮಾರ್ಚ್ 31ರ ಬದಲಾವಣೆ. ಅಂದಿನಿಂದ ಶಾರ್ಟ್ಸ್ ಶುರುವಾದರೆ ಸಾಕು, ಮರುಕಳಿಸಿದರೂ ಸಾಕು, ಒಂದು ವ್ಯೂ ಎಂದೇ ಎಣಿಕೆ. ಹಣದ ಲೆಕ್ಕಕ್ಕೆ ಮಾತ್ರ ಹಳೆಯ ರೀತಿಯ 'ಎಂಗೇಜ್ಡ್ ವ್ಯೂಸ್', ಅಂದರೆ ಜನ ನಿಂತು ನೋಡಿದ್ದು. ಪರದೆಯ ಮೇಲಿನ ಅಂಕಿ ಏರಿತು, ಹಣದ ಲೆಕ್ಕ ಇದ್ದಲ್ಲೇ ಉಳಿಯಿತು. ಊರಿನವರು ನೋಡುವುದು ಮೊದಲ ಅಂಕಿಯನ್ನು, ಬ್ಯಾಂಕಿಗೆ ಗೊತ್ತಿರುವುದು ಎರಡನೆಯದನ್ನು. ಇನ್‌ಸ್ಟಾಗ್ರಾಂ ರೀಲ್ಸ್‌ಗಂತೂ ಯೂಟ್ಯೂಬಿನಂಥ ಖಾಯಂ ಜಾಹೀರಾತು ಪಾಲೇ ಇಲ್ಲ. ಅಲ್ಲಿ ಹತ್ತು ಲಕ್ಷ ವ್ಯೂಸ್ ಬಂದರೂ ಅದರಿಂದ ನೇರವಾಗಿ ಬರುವ ಹಣ ಸೊನ್ನೆಯಾಗಿರಬಹುದು.

ಉದ್ದ ವಿಡಿಯೊ ಕೂಡ ಚಿನ್ನದ ಗಣಿಯಲ್ಲ. ಅರ್ಥವಾಗಲೆಂದು ಒಂದು ಲೆಕ್ಕ ಹಾಕೋಣ: ಸಾವಿರ ವ್ಯೂಸಿಗೆ 40 ರೂಪಾಯಿ ಕೈಗೆ ಬಂತು ಎಂದಿಟ್ಟುಕೊಳ್ಳಿ. ಎರಡು ಲಕ್ಷ ಜನ ನೋಡಿದರೆ 8,000 ರೂಪಾಯಿ. ಹತ್ತು ನಿಮಿಷದ ಎಪಿಸೋಡಿಗೆ ನಾಲ್ವರು ಎರಡು ದಿನ ದುಡಿದರು, ಒಬ್ಬ ಇನ್ನೆರಡು ದಿನ ಎಡಿಟಿಂಗಿಗೆ ಕೂತ. ಒಟ್ಟು ಹತ್ತು ಆಳು. ತಲೆಗೆ ದಿನಕ್ಕೆ 800. ಅದರಲ್ಲೇ ಪೆಟ್ರೋಲು, ಊಟ, ನೆಟ್ ಪ್ಯಾಕು ಕಳೆಯಬೇಕು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ನುರಿತ ಆಳಿಗೆ ದಿನಕ್ಕೆ ಇದಕ್ಕಿಂತ ಹೆಚ್ಚೇ ಸಿಗುತ್ತದೆ.

ಕನ್ನಡಕ್ಕೆ ದರ ಕಡಿಮೆ ಏಕೆ? ಜಾಹೀರಾತು ಜಾಗ ಹರಾಜಿನಲ್ಲಿ ಹೋಗುತ್ತದೆ. ಒಂದೇ ವೀಕ್ಷಕನಿಗಾಗಿ ಎಷ್ಟು ಕಂಪನಿ ಪೈಪೋಟಿ ಮಾಡುತ್ತವೋ ಅಷ್ಟು ಬೆಲೆ. ಇಂಗ್ಲಿಷಿಗೂ ಹಿಂದಿಗೂ ಇರುವ ಪೈಪೋಟಿ ಕನ್ನಡಕ್ಕಿಲ್ಲ. ಕನ್ನಡದೊಳಗೂ ಹೊಸನಗರದ ಹಳ್ಳಿಯ ವೀಕ್ಷಕನಿಗೆ ಬೀಳುವ ಬೆಲೆ ಬೆಂಗಳೂರಿನ ವೀಕ್ಷಕನಷ್ಟಿರುವುದಿಲ್ಲ. ಹಾಗಾಗಿ ಮಲೆನಾಡಿನ ಹಾಸ್ಯದ ಗಳಿಕೆ ಊರಿನ ಪ್ರೀತಿಗಿಂತ ಊರು ಬಿಟ್ಟವರ ಮೊಬೈಲಿನ ಮೇಲೆ ನಿಂತಿದೆ. ಇಲ್ಲಿ ಚೂರು ಗಮನ ಕೊಟ್ಟರೆ ಆಗುವ ಕೆಲಸವೊಂದಿದೆ. ಎಂಟು ನಿಮಿಷ ದಾಟಿದ ವಿಡಿಯೊಗೆ ನಡುವೆಯೂ ಜಾಹೀರಾತು ಇಡಬಹುದು. ಏಳೂವರೆ ನಿಮಿಷಕ್ಕೆ ಮುಗಿಯುವ ಕಥೆಗೆ ಅರ್ಧ ನಿಮಿಷ ಸೇರಿಸಿದರೆ ಆದಾಯದ ಸ್ವರೂಪವೇ ಬೇರೆ. ನಡುವಿನ ಜಾಹೀರಾತನ್ನು ಯಂತ್ರಕ್ಕೆ ಬಿಡದೆ ನಗು ಮುಗಿದ ಕ್ಷಣದಲ್ಲಿ ಕೈಯಾರೆ ಇಡಬೇಕು. ಮಾತಿನ ಮಧ್ಯೆ ಬಿದ್ದರೆ ಜನ ಎದ್ದು ಹೋಗುತ್ತಾರೆ.

ಅಂಚೆಯಣ್ಣ ತರಬೇಕಾದ ಕಾಗದ

ಹಣ ಬರುವ ಮುಂಚಿನ ಕೆಲವು ಹೆಜ್ಜೆಗಳಲ್ಲೇ ಹಳ್ಳಿಯ ಹುಡುಗರು ಎಡವುತ್ತಾರೆ. ಜಾಹೀರಾತಿನ ಹಣ ಸೇರುವ ಗೂಗಲ್ಲಿನ ಆ್ಯಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ಅದರಲ್ಲಿ ಕೊಟ್ಟ ವಿಳಾಸಕ್ಕೆ ಒಂದು ಪಿನ್ ಇರುವ ಕಾಗದ ಅಂಚೆಯಲ್ಲಿ ಬರುತ್ತದೆ. ನಾಲ್ಕು ತಿಂಗಳೊಳಗೆ ಆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಗೂಗಲ್ ಮ್ಯಾಪಿನ ವಿಳಾಸ ಹಾಕಬೇಡಿ. ಅಂಚೆಯಣ್ಣನಿಗೆ ಗೊತ್ತಿರುವ ಮನೆ ಹೆಸರು, ಊರು, ಬ್ರಾಂಚ್ ಪೋಸ್ಟ್ ಆಫೀಸಿನ ಹೆಸರು, ಪಿನ್‌ಕೋಡ್ ಬರೆಯಿರಿ. ಖಾತೆಯ ಹೆಸರು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಇರಲಿ. 100 ಡಾಲರ್ ಆದ ಮೇಲೆ ಮರುತಿಂಗಳ 21ರಿಂದ 26ರೊಳಗೆ ಹಣ ಹೊರಡುತ್ತದೆ.

ಅಮೆರಿಕದ ತೆರಿಗೆ ಫಾರಂ ತುಂಬುವುದನ್ನು ಮರೆಯುವವರು ಬಹಳ. 'ನಾನೆಲ್ಲಿ, ಅಮೆರಿಕ ಎಲ್ಲಿ' ಎಂದು ಬಿಟ್ಟುಬಿಡುತ್ತಾರೆ. ಫಾರಂ ತುಂಬಿ, ಭಾರತದೊಂದಿಗಿನ ತೆರಿಗೆ ಒಪ್ಪಂದ ಆರಿಸಿಕೊಂಡರೆ ಅಮೆರಿಕದ ವೀಕ್ಷಕರಿಂದ ಬಂದ ಹಣಕ್ಕೆ ಮಾತ್ರ ಶೇ 15 ಕಡಿತ. ತುಂಬದಿದ್ದರೆ ಇಡೀ ಗಳಿಕೆಯ ಮೇಲೆ ಶೇ 24ರವರೆಗೆ ಹಿಡಿದುಕೊಳ್ಳಬಹುದು.

ರಮ್ಮಿ ಹಣ ಬಂದದ್ದು, ಹೋದದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ವ್ಯೂಸ್‌ನಿಂದ ಹೊಟ್ಟೆ ತುಂಬದಿದ್ದರೆ ಹಾಸ್ಯಗಾರರು ಹೇಗೆ ನಡೆಸುತ್ತಿದ್ದರು? ಪ್ರಮೋಷನ್‌ನಿಂದ. ವಿಡಿಯೊದ ನಡುವೆ ನಲವತ್ತು ಸೆಕೆಂಡು ಒಂದು ಕಂಪನಿಯ ಹೆಸರು ಹೇಳಿದರೆ, ತಿಂಗಳ ಜಾಹೀರಾತು ಪಾಲಿಗಿಂತ ದೊಡ್ಡ ಮೊತ್ತ ಒಂದೇ ಸಲ. ಹಳ್ಳಿ ಹಾಸ್ಯ ಹುಡುಕಿಕೊಂಡು ಬರುವ ಕಂಪನಿಗಳು ಕಡಿಮೆ. ಸೋಪು, ಟೂತ್‌ಪೇಸ್ಟಿನವರು ಟಿವಿಗೆ ಹೋಗುತ್ತಾರೆ. ಹುಡುಕಿಕೊಂಡು ಬಂದವರು ರಮ್ಮಿ, ಫ್ಯಾಂಟಸಿ ಕ್ರಿಕೆಟ್, ಬೆಟ್ಟಿಂಗ್ ಆ್ಯಪಿನವರು. ಅವರಿಗೆ ಬೇಕಿದ್ದದ್ದು ಕೈಯಲ್ಲಿ ಮೊಬೈಲು, ಸಂಜೆ ಬಿಡುವು ಇರುವ ಹಳ್ಳಿಯ ಯುವಕರು. ಹಾಸ್ಯ ಚಾನೆಲ್ಲುಗಳ ವೀಕ್ಷಕರೂ ಅವರೇ.

ಕರ್ನಾಟಕದ ಹಿನ್ನೆಲೆಯೂ ಇದಕ್ಕೆ ಸೇರಿದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಅದೃಷ್ಟಕ್ಕಿಂತ ಜಾಣ್ಮೆ ಮುಖ್ಯ ಎನ್ನುವ ಕೌಶಲದ ಆಟಕ್ಕೆ ರಾಜ್ಯದಲ್ಲಿ ಬಾಗಿಲು ಮತ್ತೆ ತೆರೆಯಿತು, ಅದರ ಜೊತೆ ಜಾಹೀರಾತಿಗೂ. ರೀಲ್ಸ್ ಬೆಳೆಯುತ್ತಿದ್ದ ಕಾಲವೂ ಅದೇ. ಎರಡೂ ಕೂಡಿ ಒಂದು ತಲೆಮಾರಿನ ಹಾಸ್ಯಗಾರರು ಈ ಹಣಕ್ಕೆ ಒಗ್ಗಿಕೊಂಡರು: ಸಾಲ ಮಾಡಿ ಕ್ಯಾಮೆರಾ ಕೊಂಡರು, ಎಡಿಟರಿಗೆ ತಿಂಗಳ ಸಂಬಳ ಗೊತ್ತುಮಾಡಿದರು.

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಭೇದವನ್ನೇ ಅದು ಬದಿಗಿಟ್ಟಿತು. ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಅದರ ಜಾಹೀರಾತು ಮಾಡಿದರೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಇಲ್ಲಿ ಹಾಸ್ಯಗಾರ ನೇರವಾಗಿ ಆರೋಪಿಯ ಜಾಗಕ್ಕೆ ಬರುತ್ತಾನೆ. 'ಕಂಪನಿಯವರು ಕೊಟ್ಟ ಸ್ಕ್ರಿಪ್ಟು ಓದಿದೆ' ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ.

ಉದ್ಯಮದವರ ವಾದ: ರಮ್ಮಿ ಕೌಶಲದ ಆಟ ಎಂದು ನ್ಯಾಯಾಲಯಗಳೇ ಹೇಳಿವೆ, ಇಲ್ಲಿ ನಿಷೇಧಿಸಿದರೆ ಜನ ವಿದೇಶಿ ಬೆಟ್ಟಿಂಗ್ ಜಾಲಕ್ಕೆ ಹೋಗುತ್ತಾರೆ, ಕೆಲಸ ಹೋಗುತ್ತದೆ. ಸರ್ಕಾರದ ವಾದ: ಸಾಲ, ಚಟ, ಆತ್ಮಹತ್ಯೆ, ಅಕ್ರಮ ಹಣ ವರ್ಗಾವಣೆ ಇವಕ್ಕೆಲ್ಲ ಇದೇ ದಾರಿಯಾಗಿತ್ತು. ಕರ್ನಾಟಕ ಸೇರಿ ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಜಾಹೀರಾತಿನ ಮಟ್ಟಿಗೆ ಕಾಯ್ದೆ ಸರಿಯಾಗಿಯೇ ಇದೆ. ಊರಿನ ಹುಡುಗ ಊರಿನ ಭಾಷೆಯಲ್ಲಿ 'ನಾನೂ ಗೆದ್ದೆ, ನೀವೂ ಆಡಿ' ಎಂದರೆ ಅದನ್ನು ಜಾಹೀರಾತೆಂದು ಯಾರೂ ಕೇಳುವುದಿಲ್ಲ, ಪರಿಚಯದವನ ಮಾತೆಂದೇ ಕೇಳುತ್ತಾರೆ. ಅಡಿಕೆ ಮಂಡಿಯಿಂದ ಬಂದ ಹಣ ರಾತ್ರಿ ಹನ್ನೆರಡಕ್ಕೆ ಮೊಬೈಲಿನಲ್ಲಿ ಕರಗುವುದಕ್ಕೆ ಆ ನಂಬಿಕೆಯೇ ದಾರಿ ಮಾಡಿಕೊಡುತ್ತದೆ. ಹಾಸ್ಯಗಾರನ ಕಷ್ಟ ನಿಜ, ಆದರೆ ಆ ಹಣ ವಾಪಸ್ ಬರಲಿ ಎಂಬುದು ಅದಕ್ಕೆ ಪರಿಹಾರವಲ್ಲ.

ತುರ್ತಾಗಿ ಆಗಬೇಕಾದ ಕೆಲಸ ಹಳೆಯ ವಿಡಿಯೊಗಳದ್ದು. ಯೂಟ್ಯೂಬ್ ಸ್ಟುಡಿಯೊದ ಎಡಿಟರ್‌ನಲ್ಲಿ ಪ್ರಮೋಷನ್ ಭಾಗವನ್ನಷ್ಟೇ ಕತ್ತರಿಸಬಹುದು. ವಿಡಿಯೊದ ಲಿಂಕ್, ವ್ಯೂಸ್, ಕಾಮೆಂಟ್ ಹಾಗೇ ಉಳಿಯುತ್ತವೆ. ಕತ್ತರಿಸಿದ ಮೇಲೆ ಡಿಸ್ಕ್ರಿಪ್ಷನ್‌ನಲ್ಲಿರುವ ಲಿಂಕು, ಮೇಲೆ ಪಿನ್ ಮಾಡಿದ ಕಾಮೆಂಟು, ಥಂಬ್‌ನೇಲ್ ಮೂಲೆಯ ಲೋಗೊ ನೋಡಿ ತೆಗೆಯಬೇಕು. ಜನ ಮರೆಯುವುದು ಈ ಮೂರನ್ನೇ. ಇನ್‌ಸ್ಟಾಗ್ರಾಂನಲ್ಲಿ ಅಂಥ ರೀಲ್‌ಗಳನ್ನು ಅಳಿಸಿಬಿಡುವುದು ಸುರಕ್ಷಿತ.

ಊರಿನ ಅಂಗಡಿ ಆ ಜಾಗ ತುಂಬೀತೇ

ಖಾಲಿಯಾದ ಜಾಗಕ್ಕೆ ಈಗ ಬರುತ್ತಿರುವವರು ಹತ್ತಿರದವರು. ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಉದ್ದ ಕೋಲು) ಮಾರುವವರು, ಕಳೆ ಕೊಚ್ಚುವ ಯಂತ್ರದವರು, ಅಡಿಕೆ ಸುಲಿಯುವ ಯಂತ್ರದವರು, ಜವಳಿ ಅಂಗಡಿ, ಹೋಂಸ್ಟೇ, ಕಾಲೇಜು. ಕೊಡುವ ಮೊತ್ತ ಸಣ್ಣದು, ಆದರೆ ಗಿರಾಕಿಯೂ ವೀಕ್ಷಕನೂ ಒಬ್ಬನೇ ಆದ್ದರಿಂದ ಜಾಹೀರಾತಿಗೆ ಬೆಲೆ ಇದೆ. ಶಿವಮೊಗ್ಗದ ದೋಟಿ ವ್ಯಾಪಾರಿಗೆ ಬೀದರಿನಲ್ಲಿ ಐದು ಲಕ್ಷ ವ್ಯೂಸ್ ಬಂದರೆ ಉಪಯೋಗವಿಲ್ಲ, ತೀರ್ಥಹಳ್ಳಿ-ಕೊಪ್ಪ-ಶೃಂಗೇರಿಯಲ್ಲಿ ಇಪ್ಪತ್ತು ಸಾವಿರ ಬಂದರೆ ಬೇಕಾದಷ್ಟಾಯಿತು. ಚಾನೆಲ್ಲಿನ ಅಂಕಿಅಂಶದಲ್ಲಿ ಊರುವಾರು ವಿವರ ಸಿಗುತ್ತದೆ. ದರ ಕೇಳುವಾಗ ಒಟ್ಟು ವ್ಯೂಸ್ ತೋರಿಸುವುದಕ್ಕಿಂತ ಆ ಪುಟ ತೋರಿಸಬೇಕು. ಒಂದು ವಿಡಿಯೊಗೆ ಒಂದು ಸಲದ ಹಣ ಕೇಳುವುದಕ್ಕಿಂತ ಕೊಯ್ಲಿನ ನಾಲ್ಕು ತಿಂಗಳಿಗೆ ಎಂಟು ಎಪಿಸೋಡು ಎಂದು ಮಾತಾಡಿಕೊಂಡರೆ ಎಡಿಟರಿನ ಸಂಬಳಕ್ಕೆ ದಾರಿಯಾಗುತ್ತದೆ.

ಹೊಣೆ ಇಲ್ಲಿಯೂ ಇದೆ. ಗ್ರಾಹಕರ ರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಅದನ್ನು ಅನುಮೋದಿಸಿದವರಿಗೂ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2023ರ ಜನವರಿಯಲ್ಲಿ ಹೊರಟ ಕೇಂದ್ರದ ಸೂಚನೆಯಂತೆ, ವಿಡಿಯೊ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ 'ಇದು ಜಾಹೀರಾತು' ಎಂದು ಹೇಳಬೇಕು, ತೋರಿಸಲೂ ಬೇಕು. ಜಾಹೀರಾತು ಮಾನದಂಡ ಮಂಡಳಿಯ ಅಳತೆ: 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡು, ಎರಡು ನಿಮಿಷದೊಳಗಿನದಕ್ಕೆ ಮೂರನೇ ಒಂದು ಭಾಗ, ಅದಕ್ಕಿಂತ ಉದ್ದವಾದರೆ ಆ ಕಂಪನಿಯ ಮಾತು ನಡೆಯುವಷ್ಟು ಹೊತ್ತೂ ಪಟ್ಟಿ ಕಾಣುತ್ತಿರಬೇಕು. ಸೈಟು ಮಾರುವವರು, ಚೀಟಿ ನಡೆಸುವವರು, ಮಂಡಿನೋವಿನ ಎಣ್ಣೆಯವರು ಬಂದರೆ ಕಾಗದಪತ್ರ ನೋಡದೆ ಒಪ್ಪಿಕೊಳ್ಳಬಾರದು. ಹಣದ ಬದಲು ವಸ್ತು ಕೊಟ್ಟರೂ ತೆರಿಗೆ ತಪ್ಪುವುದಿಲ್ಲ. 2022ರ ಜುಲೈ 1ರಿಂದ ಬಂದ ನಿಯಮದಂತೆ, ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಉಡುಗೊರೆಗೆ ಕೊಟ್ಟವರು ಶೇ 10 ತೆರಿಗೆ ಕಟ್ಟಿಸಬೇಕು. ಲಕ್ಷ ರೂಪಾಯಿಯ ಸ್ಕೂಟರ್ ಕೊಟ್ಟರೆ ಹತ್ತು ಸಾವಿರ ಕಟ್ಟಿದ ಚಲನ್ ಎಲ್ಲಿ ಎಂದು ಕೇಳುವುದು ಹಾಸ್ಯಗಾರನ ಹಕ್ಕು.

ಜೀರುಂಡೆ, ಮಳೆ, ಗುಡ್ಡದ ನೆಟ್‌ವರ್ಕು

ಖರ್ಚಿನ ಬದಿಯಲ್ಲಿ ಮಲೆನಾಡಿಗೇ ಸೇರಿದ ಕಷ್ಟಗಳಿವೆ. ಹತ್ತು ನಿಮಿಷದ ವಿಡಿಯೊವನ್ನು ಯೂಟ್ಯೂಬ್ ಹೇಳುವ 1080 ಗುಣಮಟ್ಟದಲ್ಲಿ, ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ 600 ಎಂಬಿ ಆಗುತ್ತದೆ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಪ್‌ಲೋಡ್ ಸಿಗುವ ಕಡೆ ಅದಕ್ಕೆ 40 ನಿಮಿಷ. ಒಂದೂವರೆ ಕಡ್ಡಿ ಸಿಗ್ನಲ್ಲಿಗಾಗಿ ಗುಡ್ಡದ ಮೇಲೆ ನಿಲ್ಲುವ ಕಡೆ ಅರ್ಧ ಎಂಬಿಪಿಎಸ್ ಸಿಕ್ಕರೆ ಎರಡು ಗಂಟೆ 40 ನಿಮಿಷ, ಅದೂ ನಡುವೆ ಕಡಿಯದಿದ್ದರೆ. 720ಕ್ಕೆ ಇಳಿಸಿದರೆ 375 ಎಂಬಿ. ಮೊಬೈಲಿನಲ್ಲಿ ನೋಡುವವರಿಗೆ ಮಾತಿನ ಹಾಸ್ಯದಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. ಬಿಡುಗಡೆಯ ಹಿಂದಿನ ರಾತ್ರಿಯೇ ಪ್ರೈವೇಟ್ ಎಂದು ಏರಿಸಿಟ್ಟು ಬೆಳಿಗ್ಗೆ ತೆರೆಯುವುದು ಒಳ್ಳೆಯದು. ಆಗ ಹಾಡಿನ ತಕರಾರು ಇದ್ದರೆ ಅದೂ ಮೊದಲೇ ತಿಳಿಯುತ್ತದೆ.

ಶಬ್ದದ ಕಷ್ಟ ಇದಕ್ಕಿಂತ ದೊಡ್ಡದು. ಹಾಸ್ಯ ನಿಂತಿರುವುದು ಮಾತಿನ ಕೊನೆಯ ಪದದ ಮೇಲೆ, ಅದೇ ಕೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಚಿತ್ರೀಕರಣ ಸಾಧ್ಯವಿಲ್ಲ. ಹೆಂಚಿನ ಮನೆಯ ಒಳಕೋಣೆ, ಅದರಲ್ಲೂ ಅಟ್ಟವಿದ್ದರೆ, ಪರವಾಗಿಲ್ಲ. ಸಂಜೆ ಆರೂವರೆಗೆ ಜೀರುಂಡೆ ಶುರು. ಅದರ ಕೀರಲು ದನಿ ನಮ್ಮ ಸ-ಶ-ಚ ಅಕ್ಷರಗಳ ಸ್ವರಮಟ್ಟದಲ್ಲೇ ಇರುವುದರಿಂದ ಎಡಿಟಿಂಗ್‌ನಲ್ಲಿ ತೆಗೆಯಲು ಹೋದರೆ ಮಾತೂ ಡಬ್ಬಿಯೊಳಗಿಂದ ಬಂದಂತೆ ಆಗುತ್ತದೆ. ಐದೂವರೆಯೊಳಗೆ ಮಾತಿನ ದೃಶ್ಯ ಮುಗಿಸಬೇಕು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ 30 ಸೆಕೆಂಡು ಖಾಲಿ ಶಬ್ದ ಹಿಡಿದಿಟ್ಟುಕೊಂಡರೆ ಕತ್ತರಿಸಿದ ಕಡೆ ತುಂಬಲು ಆಗುತ್ತದೆ. ಅಡಿಕೆ ತೋಟದೊಳಗೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುವುದರಿಂದ ಮುಖ ಒಮ್ಮೆ ಕಪ್ಪು, ಒಮ್ಮೆ ಬಿಳಿ. ಮೊಬೈಲಿನ ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕಿನ ಮಟ್ಟವನ್ನು ಲಾಕ್ ಮಾಡಿಕೊಳ್ಳಬೇಕು. ಇನ್ನೊಂದು: ಮೊಬೈಲುಗಳು ಫ್ರೇಮಿನ ವೇಗವನ್ನು ತಾವಾಗಿಯೇ ಹೆಚ್ಚು ಕಡಿಮೆ ಮಾಡುತ್ತವೆ. ಬೇರೆ ಮೈಕಿನಲ್ಲಿ ಹಿಡಿದ ಮಾತು ವಿಡಿಯೊದ ಕೊನೆಗೆ ಬರುವಷ್ಟರಲ್ಲಿ ತುಟಿಗೆ ಹೊಂದದಿರುವುದು ಇದರಿಂದಲೇ. ಎಡಿಟಿಂಗಿಗೆ ಮುಂಚೆ ಸೆಕೆಂಡಿಗೆ ಸ್ಥಿರ 30 ಫ್ರೇಮಿಗೆ ಬದಲಾಯಿಸಿಕೊಂಡರೆ ಸರಿಹೋಗುತ್ತದೆ.

ಚಂಡೆ ಯಾರದ್ದು, ಚಾನೆಲ್ ಯಾರದ್ದು

ಸಿನಿಮಾ ಹಾಡಿನ ಹತ್ತು ಸೆಕೆಂಡಾದರೂ ಹಕ್ಕಿನವರು ಕ್ಲೇಮ್ ಹಾಕಿದರೆ ಆ ವಿಡಿಯೊದ ಹಣ ಅವರಿಗೆ ಹೋಗಬಹುದು. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್‌ನಿಂದ ಹೋಗುವುದು ಹಣ, ಚಾನೆಲ್ಲಿಗೆ ಧಕ್ಕೆಯಿಲ್ಲ. ಸ್ಟ್ರೈಕ್ ಎಂದರೆ ಚಾನೆಲ್ಲಿನ ಮೇಲೆಯೇ ಬೀಳುವ ತಪ್ಪಿನ ಗುರುತು, 90 ದಿನ ಇರುತ್ತದೆ, ಅಷ್ಟರೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ. ಯಕ್ಷಗಾನದ ಪದ, ಚಂಡೆ 'ನಮ್ಮದೇ' ಎಂಬ ಭಾವದಿಂದ ಆಟದ ರೆಕಾರ್ಡಿಂಗನ್ನು ಎತ್ತಿ ಬಳಸುವುದು ಇಲ್ಲಿ ಸಾಮಾನ್ಯ. ಕಲೆ ಎಲ್ಲರದ್ದು, ಆದರೆ ಆ ಧ್ವನಿಮುದ್ರಣ ಮಾಡಿದವರದ್ದು, ಭಾಗವತರಿಗೂ ಪ್ರದರ್ಶಕರ ಹಕ್ಕಿದೆ. ಊರಿನ ಚಂಡೆಯವರನ್ನು ಅರ್ಧ ದಿನ ಕರೆಸಿ, ಸಂಭಾವನೆ ಕೊಟ್ಟು, ನಗುವಿಗೆ, ಓಟಕ್ಕೆ, ಪೆಚ್ಚಾಗುವುದಕ್ಕೆ ಎಂದು ಇಪ್ಪತ್ತು ತುಣುಕು ನುಡಿಸಿಕೊಂಡು, ಬಳಸಲು ಒಪ್ಪಿಗೆ ಬರೆಸಿಕೊಂಡರೆ ವರ್ಷಗಟ್ಟಲೆ ಚಿಂತೆಯಿಲ್ಲ. ಚಾನೆಲ್ಲಿಗೆ ತನ್ನದೇ ದನಿಯೂ ಬರುತ್ತದೆ.

ತಂಡ ಒಡೆಯುವುದು ಹೆಚ್ಚಾಗಿ ಗೆದ್ದ ಮೇಲೆ. ಚಾನೆಲ್ ಒಬ್ಬನ ಜಿಮೇಲಿನಲ್ಲಿ, ಹಣ ಅವನ ಖಾತೆಗೆ, ತೆರಿಗೆಯೂ ಅವನ ತಲೆಗೆ. ಅಜ್ಜಿಯ ಪಾತ್ರ ಮಾಡಿದವನ ಕೈಯಲ್ಲಿ ಏನೂ ಇಲ್ಲ. ಅವನು ಹೊರಗೆ ಹೋಗಿ ಅದೇ ಅಜ್ಜಿಯನ್ನು ಬೇರೆ ಚಾನೆಲ್ಲಿನಲ್ಲಿ ಮಾಡಿದರೆ ತಡೆಯಬಹುದೇ? ಯಾರೂ ಬರೆದಿಟ್ಟಿರುವುದಿಲ್ಲ. ಆದ್ದರಿಂದ ಶುರುವಿನಲ್ಲೇ ಸ್ಟ್ಯಾಂಪ್ ಪೇಪರಿನ ಮೇಲೆ ನಾಲ್ಕು ಮಾತು ಬರೆದುಕೊಳ್ಳಬೇಕು: ಚಾನೆಲ್ ಯಾರದ್ದು, ಪಾತ್ರದ ಹೆಸರು ಯಾರದ್ದು, ಹಳೆಯ ವಿಡಿಯೊ ಮುಂದೆ ಗಳಿಸಿದರೆ ಪಾಲೆಷ್ಟು, ಬಿಟ್ಟು ಹೋಗುವವನು ಎಷ್ಟು ದಿನ ಮೊದಲೇ ಹೇಳಬೇಕು. ಪಾಸ್‌ವರ್ಡ್ ಯಾರಿಗೂ ಕೊಡದೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಎಡಿಟರ್, ಮ್ಯಾನೇಜರ್ ಎಂದು ಅನುಮತಿ ಹಂಚಬೇಕು. ಪ್ರಮೋಷನ್ ಕೊಡುತ್ತೇವೆಂದು ಜಿಪ್ ಫೈಲ್ ಕಳಿಸಿ ಚಾನೆಲ್ ಕದಿಯುವ ವಂಚಕರಿದ್ದಾರೆ. ಫೈಲ್ ತೆರೆಯುವ ಮೊದಲು ಆ ಕಂಪನಿಗೆ ಫೋನ್ ಮಾಡಿ ವಿಚಾರಿಸಬೇಕು.

ಮಾತೇ ಗುರುತು, ಮಾತೇ ದೂರು

ಮಲೆನಾಡಿನಲ್ಲಿ ಬಾಯಿ ಬಿಟ್ಟರೆ ಊರಷ್ಟೇ ಅಲ್ಲ, ಜಾತಿಯೂ ತಿಳಿಯುತ್ತದೆ. ಹವ್ಯಕರ ಕನ್ನಡ, ದೀವರ ಮಾತು, ತೀರ್ಥಹಳ್ಳಿ ಒಕ್ಕಲಿಗರ ಮಾತಿನ ಧಾಟಿ ಒಂದಕ್ಕೊಂದು ಬೇರೆ. ಹಾಸ್ಯಗಾರ ಪೆದ್ದನ ಪಾತ್ರಕ್ಕೆ ಇವುಗಳಲ್ಲಿ ಒಂದನ್ನು ಆರಿಸಿದ ಕೂಡಲೇ ಅದು ಒಂದು ಸಮುದಾಯದ ಮೇಲಿನ ಮಾತಾಗುತ್ತದೆ. ಒಂದು ಕಡೆಯವರು ಇದು ಅವಮಾನ ಎನ್ನುತ್ತಾರೆ, ಇನ್ನೊಂದು ಕಡೆಯವರು ಇಷ್ಟಾದರೂ ನಮ್ಮ ಮಾತು ಪರದೆಗೆ ಬಂತಲ್ಲ ಎನ್ನುತ್ತಾರೆ. ಎರಡೂ ಕಡೆ ಹುರುಳಿದೆ. ತನ್ನ ಮನೆಯ ಮಾತಿನಲ್ಲಿ ತನ್ನವರನ್ನು ನಗಿಸುವವನಿಗೆ ಸಿಗುವ ಸಲಿಗೆ, ಬೇರೆಯವರ ಮಾತನ್ನು ಅಣಕಿಸುವವನಿಗೆ ಸಿಗುವುದಿಲ್ಲ. ಸಿಗಲೂಬಾರದು.

ದೂರು ಠಾಣೆಗೆ ಹೋದರೆ? ಭಾರತೀಯ ನ್ಯಾಯ ಸಂಹಿತೆಯಲ್ಲಿ ದ್ವೇಷ ಹುಟ್ಟಿಸುವ ಮಾತಿಗೆ 196, ಧಾರ್ಮಿಕ ಭಾವನೆಗೆ 299, ಮಾನಹಾನಿಗೆ 356ನೇ ಕಲಂ ಇದೆ. ಮಾತಿಗೆ ಸಂಬಂಧಿಸಿದ ಇಂಥ ದೂರುಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡುವುದು ಯುಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರ ತೀರ್ಪಿನಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಅದಕ್ಕಾಗಿ 14 ದಿನಗಳ ಅವಕಾಶವಿದೆ. ಗಾಬರಿಯಲ್ಲಿ ಇಡೀ ಚಾನೆಲ್ ಅಳಿಸಿ ಮೂಲ ವಿಡಿಯೊವನ್ನೂ ಕಳೆದುಕೊಳ್ಳುವವರಿದ್ದಾರೆ. ಪ್ರೈವೇಟ್ ಮಾಡಿ, ಮೂಲ ಫೈಲ್ ಇಟ್ಟುಕೊಂಡು, ವಕೀಲರನ್ನು ಕಾಣಬೇಕು.

ಮತ್ತೆ ಅಂಗಳಕ್ಕೆ

ಮುಂದಿನ ಎರಡು ಮೂರು ವರ್ಷದಲ್ಲಿ ಏನಾಗಬಹುದು? ಬರೀ ರೀಲ್ಸ್ ನಂಬಿದವರು ಹೆಸರು ಇದ್ದಂತೆಯೇ ಬೇರೆ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಧಾರಾವಾಹಿ, ರಿಯಾಲಿಟಿ ಷೋ, ಸಿನಿಮಾದ ಸಣ್ಣ ಪಾತ್ರಕ್ಕೆ. ಅಂಥ ಕರಾರಿಗೆ ಸಹಿ ಹಾಕುವಾಗ ತನ್ನ ಚಾನೆಲ್ಲಿಗೆ ವಿಡಿಯೊ ಹಾಕಬಾರದೆಂಬ ಷರತ್ತು ಎಷ್ಟು ತಿಂಗಳದ್ದು ಎಂದು ಓದಬೇಕು. ಮೂರನೇ ದಾರಿ ವೇದಿಕೆ. ಉಳಿಯುವವರು ಹೆಚ್ಚಾಗಿ ಅಲ್ಲಿಂದಲೇ ಉಳಿಯುತ್ತಾರೆ.

ಶಿವಮೊಗ್ಗ ದಸರಾ, ಗಣಪತಿ, ರಾಜ್ಯೋತ್ಸವ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ ಜಾತ್ರೆ, ಊರೂರಿನ ಯುವಕ ಸಂಘದ ವಾರ್ಷಿಕೋತ್ಸವ. ಇಲ್ಲಿ ಹಣ ಮೊದಲೇ ಮಾತಾಗಿರುತ್ತದೆ, ಅರ್ಧ ಮುಂಗಡ ಬರುತ್ತದೆ. ಆದರೆ ಮೂವತ್ತು ಸೆಕೆಂಡಿನ ನಗುವಿಗೆ ಒಗ್ಗಿದವನಿಗೆ ನಲವತ್ತು ನಿಮಿಷ ಜನರನ್ನು ಹಿಡಿದು ಕೂರಿಸುವುದು ಬೇರೆಯದೇ ವಿದ್ಯೆ. ರೀಲ್ಸ್‌ನಲ್ಲಿ ಮೌನವನ್ನು ಕತ್ತರಿಸಬಹುದು, ವೇದಿಕೆಯಲ್ಲಿ ಆ ಮೌನದಲ್ಲೇ ನಿಲ್ಲಬೇಕು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮವಿದೆ. ಸನ್ಮಾನ, ಭಾಷಣ ಮುಗಿದು ಒಂಬತ್ತೂಕಾಲಿಗೆ ಮೈಕು ಕೊಟ್ಟರೆ ಆಟ ಅರ್ಧಕ್ಕೇ ನಿಲ್ಲುತ್ತದೆ. ವೇದಿಕೆ ಹತ್ತುವ ಹೊತ್ತು ಯಾವುದು ಎಂದು ಮುಂಗಡದ ರಸೀತಿಯಲ್ಲೇ ಬರೆಸಿಕೊಳ್ಳಬೇಕು. ಇನ್ನು ಮುಂದಿನ ಸಾಲಿನವರು ಇಡೀ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಹಿಡಿದು ಹಾಕಿದರೆ ಮುಂದಿನ ವಾರ ಪಕ್ಕದೂರಿನಲ್ಲಿ ಅದೇ ಮಾತಿಗೆ ಯಾರೂ ನಗುವುದಿಲ್ಲ. ಮೊದಲ ಐದು ನಿಮಿಷ ಮಾತ್ರ ಹಿಡಿಯಿರಿ ಎಂದು ಸಂಘಟಕರಿಂದಲೇ ಹೇಳಿಸುವುದು ಉತ್ತಮ.

ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನಿಂದ ಮೇವರೆಗೆ ನಡೆಯುವುದಕ್ಕೆ ಕಾರಣ ಮಳೆ. ಹಾಸ್ಯಗಾರನ ವರ್ಷವೂ ಅದೇ ಪಂಚಾಂಗಕ್ಕೆ ಬಂದು ನಿಲ್ಲುತ್ತಿದೆ. ಮಳೆಗಾಲದಲ್ಲಿ ಬರವಣಿಗೆ, ಒಳಕೋಣೆಯ ದೃಶ್ಯಗಳು, ಚಂಡೆಯ ತುಣುಕುಗಳ ಧ್ವನಿಮುದ್ರಣ. ಸೆಪ್ಟೆಂಬರಿನಲ್ಲಿ ಬಿಸಿಲು ಬಿಟ್ಟ ದಿನ ಹೊರಾಂಗಣ. ಕೊನೆ ಕೊಯ್ಲು ಶುರುವಾದರೆ ತಂಡದ ಅರ್ಧ ಜನ ಸ್ವಂತ ತೋಟದಲ್ಲಿರುತ್ತಾರೆ, ಹಾಗಾಗಿ ದೀಪಾವಳಿಯೊಳಗೆ ಎಂಟು ಎಪಿಸೋಡು ತಯಾರಾಗಿ ಇರಬೇಕು. ಎರಡು ವಾರಕ್ಕೊಂದರಂತೆ ಅವು ಹೊರಬೀಳುತ್ತಿರುವಾಗಲೇ ದೋಟಿ ಅಂಗಡಿಯವರ ಹಣ ಬರುತ್ತದೆ, ಜಾತ್ರೆ ಕಮಿಟಿಯವರ ಫೋನೂ ಬರುತ್ತದೆ.